ಸಾಸಿವೆಯ ಪರೀಕ್ಷೆ

ಸಾಸ್ವೆಹಳ್ಳಿಯ ಸೀಮೆಯಲ್ಲಿ ಧೂಳಿಗೂ ಋತುಮಾನಗಳುಂಟು. ಭದ್ರೆಯ ನಾಲೆ ಹರಿದ ಕಡೆ ಭತ್ತ ಮತ್ತು ಅಡಕೆ, ನಾಲೆ ತಲಪದ ಕಡೆ ಮೆಕ್ಕೆಜೋಳ. ಹೊನ್ನಾಳಿ ಚನ್ನಗಿರಿಗಳ ಈ ಬಯಲು, ಬೆಳೆದುದನ್ನು ಒಕ್ಕುವ, ಸುಲಿಯುವ, ಒಣಗಿಸುವ ಕಾಲ ಬಂದಿತೆಂದರೆ ಗಾಳಿಯ ಬಣ್ಣವೇ ಬೇರೆಯಾಗುತ್ತದೆ. ಜೋಳ ಬಿಡಿಸುವ ಯಂತ್ರ ಬೀದಿಯ ಕೊನೆಯಲ್ಲಿ ಓಡುತ್ತಿದ್ದರೆ ಅದರ ಹೊಟ್ಟು ಬೀದಿಯ ಮೊದಲ ಮನೆಯ ದೇವರಗೂಡಿನವರೆಗೂ ಬಂದು ನಮಸ್ಕರಿಸುತ್ತದೆ. ಭತ್ತದ ಧೂಳು ಮೈಗೆ ತಗುಲಿದರೆ ನವೆ. ಅಡಕೆ ಸಿಪ್ಪೆಯ ನಾರು ಸದ್ದಿಲ್ಲದೆ ಬಂದು ಕಿಟಕಿಯ ಸರಳಿನ ಮೇಲೆ ಕೂರುತ್ತದೆ. ಇವೆಲ್ಲ ಮುಗಿದು ಚೈತ್ರದ ಗಾಳಿ ಎದ್ದರೆ ರಸ್ತೆಯ ಮಣ್ಣು. ಮಳೆಗಾಲದಲ್ಲಿ ಮಾತ್ರ ಧೂಳು ಕೆಸರಿನ ವೇಷ ತೊಟ್ಟು, ಚಪ್ಪಲಿಯ ಅಡಿಯಲ್ಲಿ ಗುಟ್ಟಾಗಿ ಒಳನುಗ್ಗಿ, ಒಣಗಿದ ಮೇಲೆ ತನ್ನ ನಿಜರೂಪ ತೋರುತ್ತದೆ.

ಈ ಧೂಳಿನೆದುರು ತಲೆಮಾರುಗಳಿಂದ ನಿಂತಿರುವ ಆಯುಧ ಒಂದೇ: ಪೊರಕೆ. ಅಂಗಳಕ್ಕೆ ತೆಂಗಿನ ಕಡ್ಡಿಯದು, ನಡುಮನೆಗೆ ಹುಲ್ಲಿನದು. ಅದಕ್ಕೆ ಮರ್ಯಾದೆಯೂ ಉಂಟು, ಅವಮರ್ಯಾದೆಯೂ ಉಂಟು. ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಹೆಂಗಸೇ ಅದನ್ನು ಬಾಗಿಲ ಹಿಂದೆ, ಬಂದವರ ಕಣ್ಣಿಗೆ ಬೀಳದಂತೆ ಮಲಗಿಸಿ ಇಡುತ್ತಾಳೆ. ದೀಪ ಹಚ್ಚಿದ ಮೇಲೆ ಗುಡಿಸಬಾರದು. ಗುಡಿಸಲೇಬೇಕಾದರೆ ಕಸವನ್ನು ಹೊರಗೆ ಚೆಲ್ಲದೆ ಮೂಲೆಯಲ್ಲಿ ಕೂಡಿಡಬೇಕು, ಲಕ್ಷ್ಮಿ ಅದರೊಡನೆ ಹೊರಟುಹೋದಾಳೆಂಬ ಭಯ. ಹರಳೆಣ್ಣೆಯ ದೀಪದ ಮಂದ ಬೆಳಕಿನಲ್ಲಿ ಕಳಚಿಬಿದ್ದ ಮೂಗುಬೊಟ್ಟು ಕಸದ ಪಾಲಾಗದಿರಲೆಂಬ ವಿವೇಕವೇ ಲಕ್ಷ್ಮಿಯ ಹೆಸರಿನಲ್ಲಿ ಉಳಿದುಬಂದಿದ್ದರೂ ಇದ್ದೀತು. ಗುಡಿಸುವ ಮುನ್ನ ನೆಲಕ್ಕೆ ನೀರು ಚಿಮುಕಿಸುವ ಪದ್ಧತಿಯಂತೂ ಶುದ್ಧ ವಿಜ್ಞಾನ: ತೊಯ್ದ ಧೂಳು ಏಳುವುದಿಲ್ಲ.

ಹೊನ್ನಾಳಿಗೆ ನೆರೆಯದಾದ ಶಿಕಾರಿಪುರ ಸೀಮೆಯ ಜಂಬೂರಿನವಳೆಂದು ಹೇಳಲಾಗುವ ಸತ್ಯಕ್ಕ, ೧೨ನೆಯ ಶತಮಾನದ ವಚನಕಾರ್ತಿ, ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದಳೆಂಬುದು ಪರಂಪರೆಯ ಮಾತು. ಪೊರಕೆ ಹಿಡಿದ ಕೈಯೇ ವಚನವನ್ನೂ ಕೊಟ್ಟ ನಾಡಿದು. ಆದರೂ ಅಂದಿನಿಂದ ಇಂದಿನವರೆಗೆ ಗುಡಿಸುವ ಹೆಂಗಸಿನ ಬೆನ್ನು ಬಾಗಿಯೇ ಇದೆ. ಪೊರಕೆಯ ಹಿಡಿ ಒಂದು ಗೇಣೂ ಉದ್ದವಾಗಲಿಲ್ಲ.

ಊರಿನ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಈ ಕಷ್ಟ ಬೆನ್ನಿನಿಂದ ಎದೆಗೆ ಏರಿತ್ತು. ಮೇಷ್ಟರ ಮನೆಯಾಕೆಗೆ ಅರವತ್ತು ದಾಟಿದ ಮೇಲೆ ಉಬ್ಬಸ ಅಂಟಿಕೊಂಡಿತು. ಒಕ್ಕಣೆಯ ದಿನಗಳಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು, ಗೋಡೆಗೆ ದಿಂಬು ಕೊಟ್ಟು ಕುಳಿತು, ಬೆಳಕು ಹರಿಯುವುದನ್ನೇ ಕಾಯುವರು. ದಾವಣಗೆರೆಯ ವೈದ್ಯರು ಉಸಿರಿನೊಡನೆ ಎಳೆದುಕೊಳ್ಳುವ ಔಷಧಿಯನ್ನು ಬರೆದುಕೊಟ್ಟು, ಜೊತೆಗೆ ಒಂದು ಮಾತನ್ನೂ ಹೇಳಿದರು: ಪೊರಕೆ ಮುಟ್ಟಕೂಡದು, ಗುಡಿಸುವಾಗ ಆ ಕೋಣೆಯಲ್ಲಿ ಇರಕೂಡದು. ಔಷಧಿಯನ್ನು ಆಕೆ ತಪ್ಪದೆ ತೆಗೆದುಕೊಂಡರು. ಮಾತನ್ನು ಮಾತ್ರ ದಾವಣಗೆರೆಯ ಬಸ್ ನಿಲ್ದಾಣದಲ್ಲಿಯೇ ಬಿಟ್ಟು ಬಂದರು. ಬೆಳಗ್ಗೆ ಗುಡಿಸಿ ಒರೆಸಿ ಹೋಗಲು ಒಬ್ಬಾಕೆ ಬರುತ್ತಾಳೆ, ನಿಜ. ಆದರೆ ಊಟದ ಮೇಲಿನ ಅಗುಳು, ಮಧ್ಯಾಹ್ನದ ಹೂವಿನ ತೊಟ್ಟು, ಸಂಜೆ ದೀಪಕ್ಕೆ ಮುಂಚೆ ಒಮ್ಮೆ ಆಗಲೇಬೇಕಾದ ನಡುಮನೆ, ಇವಕ್ಕೆ ಯಾರು? ಮೇಷ್ಟರು ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ಸ್ವಚ್ಛತೆಯ ಮೇಲೆ ಪ್ರಬಂಧ ಬರೆಸಿದವರು. ಅವರು ಪೊರಕೆ ಹಿಡಿದುದನ್ನು ಕಂಡವರಿಲ್ಲ.

ಬೆಂಗಳೂರಿನಲ್ಲಿರುವ ಮಗ ಒಂದು ರಾತ್ರಿ ತಾಯಿಯ ಉಸಿರಿನ ಸದ್ದನ್ನು ಫೋನಿನಲ್ಲಿ ಕೇಳಿದ. ಮುಂದಿನ ಶನಿವಾರ ಅವನೊಡನೆ ಎದೆಮಟ್ಟದ ಒಂದು ಪೆಟ್ಟಿಗೆಯೂ ಬಂದಿತು. ಅದರೊಳಗಿದ್ದುದು ನೆಟ್ಟಗೆ ನಿಲ್ಲುವ, ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್. ಪಾಂಡಿತ್ಯವುಳ್ಳವರು ಇದನ್ನು ನಿರ್ವಾತ ಮಾರ್ಜಕವೆಂದು ಕರೆಯಬಹುದು, ಆದರೆ ಅದರೊಳಗೆ ನಿರ್ವಾತವೇನೂ ಇಲ್ಲ. ಗಾಳಿಯ ಒತ್ತಡ ಹೊರಗಿಗಿಂತ ತುಸು ಕಡಿಮೆಯಾಗಿರುತ್ತದೆ, ಅಷ್ಟೇ. ಸಾಸ್ವೆಹಳ್ಳಿಯಲ್ಲಿ ಅದಕ್ಕೆ ಎರಡೇ ದಿನದಲ್ಲಿ ‘ಕಸದ ಮಿಷನ್ನು’ ಎಂಬ ಹೆಸರು ಬಿದ್ದಿತು, ಅದೇ ಉಳಿಯಿತು.

ಇಂಥ ಯಂತ್ರ ನಮ್ಮ ಕಡೆಯ ಅಂಗಡಿಗಳಲ್ಲಿ ಅಪರೂಪ. ೧೯೮೨ರಲ್ಲಿ ಯೂರೇಕಾ ಫೋರ್ಬ್ಸ್ ಆರಂಭವಾಗಿ, ಟೈ ಕಟ್ಟಿದ ಯುವಕರು ಊರೂರಿನ ಬಾಗಿಲು ತಟ್ಟಿ ಜನರಿಗೆ ಪರಿಚಯ ಮಾಡಿಸಿದ್ದು ಬೇರೆಯ ಮಾದರಿಯನ್ನು: ನೆಲದ ಮೇಲೆ ಒಂದು ಡಬ್ಬಿ, ಅದಕ್ಕೊಂದು ಉದ್ದನೆಯ ಕೊಳವೆ, ಎಳೆದ ಕಡೆ ನಾಯಿಮರಿಯಂತೆ ಹಿಂಬಾಲಿಸುವಂಥದು. ಮಗ ತಂದುದರಲ್ಲಿ ಮೋಟಾರು, ಧೂಳಿನ ಬಟ್ಟಲು, ನೆಲ ಮುಟ್ಟುವ ತಲೆ, ಎಲ್ಲವೂ ಒಂದೇ ಹಿಡಿಯ ಮೇಲೆ ಪೋಣಿಸಿದಂತಿವೆ. ತಲೆಯೊಳಗೆ ಉರುಳೆಯಾಕಾರದ ಬ್ರಷ್ಷು ಗಿರಗಿರನೆ ತಿರುಗಿ ನೆಲವನ್ನು ಕೆರೆಯುತ್ತದೆ. ನಿಂತು ನೂಕಿದರಾಯಿತು, ಬಾಗಬೇಕಾಗಿಲ್ಲ. ಬೆನ್ನಿನ ದೃಷ್ಟಿಯಿಂದ ಇದೊಂದು ದೊಡ್ಡ ಮಾತೇ ಸರಿ.

ಇದರ ವಂಶಾವಳಿ ಸ್ವಾರಸ್ಯವಾಗಿದೆ. ೧೯೦೧ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಧೂಳನ್ನು ಊದಿ ಹಾರಿಸುವ ಯಂತ್ರವೊಂದನ್ನು ನೋಡಿ, ಊದುವುದರ ಬದಲು ಹೀರಿದರೇನು ಎಂದು ಯೋಚಿಸಿದ. ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ ಬಾಯಿಂದ ಹೀರಿ ನೋಡಿದನೆಂದೂ, ಬಟ್ಟೆಗೆ ಕರಿಯ ಮುದ್ರೆ ಬಿದ್ದಿತೆಂದೂ, ಅವನು ಕೆಮ್ಮಿದನೆಂದೂ ಕಥೆ. ಅವನು ಕಟ್ಟಿದ ಯಂತ್ರ ಕುದುರೆಗಾಡಿಯ ಮೇಲೆ ಬೀದಿಯಲ್ಲಿ ನಿಂತು, ಕಿಟಕಿಯಿಂದ ಕೊಳವೆಗಳನ್ನು ಒಳಕ್ಕೆ ಚಾಚುತ್ತಿತ್ತು. ೧೯೦೨ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಗುಡಿಸಿದ ಕೀರ್ತಿಯೂ ಅದಕ್ಕೆ ಬಂದಿತು. ಅರಸರಿಗೆ ಒಪ್ಪುವ ಯಂತ್ರವೇನೋ ಹೌದು. ಮನೆಯೊಳಗೆ ಬರುವ ಗಾತ್ರದ್ದಲ್ಲ.

ಮನೆಯೊಳಗೆ ಬಂದದ್ದು ಒಬ್ಬ ಕಸಗುಡಿಸುವವನ ದೆಸೆಯಿಂದ. ಅಮೆರಿಕೆಯ ಒಹೈಯೋ ಸಂಸ್ಥಾನದ ಕ್ಯಾಂಟನ್ ಎಂಬ ಊರಿನ ದೊಡ್ಡ ಅಂಗಡಿಯೊಂದರಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಜಾಡಮಾಲಿಯಾಗಿದ್ದ. ಅವನಿಗೆ ಉಬ್ಬಸ. ಜಮಖಾನೆಗಳ ಧೂಳಿನಿಂದ ಪ್ರಾಣ ಉಳಿಸಿಕೊಳ್ಳಲು ಅವನು ೧೯೦೭ರ ಸುಮಾರಿಗೆ ಒಂದು ಬೀಸಣಿಗೆಯ ಮೋಟಾರು, ಒಂದು ಪೊರಕೆಯ ಕೋಲು, ಹೆಂಡತಿಯ ದಿಂಬಿನ ಚೀಲ ಇವನ್ನು ಜೋಡಿಸಿ ಯಂತ್ರ ಮಾಡಿದ. ೧೯೦೮ರಲ್ಲಿ ಪೇಟೆಂಟ್ ದೊರೆಯಿತು. ತೊಗಲಿನ ಸಾಮಾನು ಮಾಡಿಸುತ್ತಿದ್ದ ವಿಲಿಯಂ ಹೂವರ್ ಅದರ ಹಕ್ಕನ್ನು ಕೊಂಡು, ಮುಂದೆ ತನ್ನ ಹೆಸರನ್ನು ಮನೆಮಾತಾಗಿಸಿದ. ನೆಟ್ಟಗೆ ನಿಲ್ಲುವ ಮಾದರಿಯ ಮೂಲಪುರುಷ ಹೀಗೆ ಒಬ್ಬ ಉಬ್ಬಸದ ರೋಗಿ. ಅವನ ಯಂತ್ರದಲ್ಲಿ ಧೂಳಿಗೂ ಅವನ ಮೂಗಿಗೂ ನಡುವೆ ನಿಂತದ್ದು ಆ ದಿಂಬಿನ ಚೀಲ ಎಂಬುದನ್ನು ನೆನಪಿಡಬೇಕು. ಏಕೆಂದರೆ ಮುಂದಿನ ಸುಧಾರಣೆಯೆಲ್ಲ ಆ ಚೀಲವನ್ನು ಕಿತ್ತೊಗೆಯುವುದರಲ್ಲಿಯೇ ಇದೆ.

ಚೀಲದ ದೋಷವೇನೆಂದರೆ, ಅದರ ರಂಧ್ರಗಳು ಧೂಳಿನಿಂದ ಮುಚ್ಚಿಕೊಂಡಂತೆ ಎಳೆತ ಕುಗ್ಗುತ್ತದೆ. ಇಂಗ್ಲೆಂಡಿನ ಜೇಮ್ಸ್ ಡೈಸನ್ ಮರದ ಕಾರ್ಖಾನೆಯೊಂದರ ಮೇಲಿದ್ದ ಶಂಕುವಿನಾಕಾರದ ದೊಡ್ಡ ತಗಡಿನ ಪಾತ್ರೆಯನ್ನು ಕಂಡು, ಅದನ್ನೇ ಕಿರಿದುಮಾಡಿ ಮನೆಯ ಯಂತ್ರದೊಳಗೆ ಕೂರಿಸಲು ಹೊರಟ. ೫೧೨೭ ಮಾದರಿಗಳನ್ನು ಮಾಡಿದ ಮೇಲೆ ಅದು ಕೈಹತ್ತಿತೆಂದು ಅವನೇ ಹೇಳಿಕೊಂಡಿದ್ದಾನೆ. ೧೯೯೩ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದ ಅವನ ‘ಡಿಸಿ ೦೧’ ನೆಟ್ಟಗೆ ನಿಲ್ಲುವ, ಚೀಲವಿಲ್ಲದ, ಒಳಗಿನ ಧೂಳು ಹೊರಗೆ ಕಾಣುವ ಯಂತ್ರ. ಈಗ ಅನೇಕ ಕಂಪನಿಗಳು ಆ ಜಾಡನ್ನೇ ಹಿಡಿದಿವೆ.

ಆ ತಗಡಿನ ಪಾತ್ರೆಯನ್ನು ನೋಡಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ದಾವಣಗೆರೆಯ ಕಡೆಯ ಅಕ್ಕಿಗಿರಣಿಗಳನ್ನು ಕಂಡವರಿಗೆ ಅದು ಪರಿಚಿತ: ಮೇಲೆ ಅಗಲ, ಕೆಳಗೆ ಚೂಪು, ಗಿರಣಿಯವರು ಸೈಕ್ಲೋನ್ ಎನ್ನುವ ವಸ್ತು. ಹೊಟ್ಟು ತುಂಬಿದ ಗಾಳಿ ಅದರ ಪಕ್ಕದಿಂದ ರಭಸವಾಗಿ ಒಳನುಗ್ಗಿ ಸುಂಟರಗಾಳಿಯಂತೆ ಸುತ್ತುತ್ತದೆ. ಸುತ್ತುವ ರಭಸಕ್ಕೆ ಹೊಟ್ಟು ಗೋಡೆಗೆ ಅಪ್ಪಳಿಸಿ ಕೆಳಕ್ಕೆ ಜಾರುತ್ತದೆ, ಗಾಳಿ ಹಗುರವಾಗಿ ನಡುವಿನಿಂದ ಮೇಲೇರಿ ಹೊರಹೋಗುತ್ತದೆ. ಕಣದಲ್ಲಿ ನಿಂತು ರಾಶಿಯನ್ನು ಗಾಳಿಗೆ ತೂರುವ ಒಕ್ಕಲಿಗನಿಗೆ ಈ ತತ್ತ್ವವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಗಾಳಿ ಯಾವುದನ್ನು ಒಯ್ಯುತ್ತದೆ, ಯಾವುದನ್ನು ಬಿಡುತ್ತದೆ ಎಂಬುದೇ ಅವನ ವಿದ್ಯೆ. ಗಿರಣಿಯ ಸೈಕ್ಲೋನಿನಿಂದ ನುಣ್ಣನೆಯ ಧೂಳು ತಪ್ಪಿಸಿಕೊಂಡು ನೆರೆಯ ಮಾಡಿನ ಮೇಲೆ ಕೂರುವಂತೆ, ಮನೆಯ ಯಂತ್ರದಲ್ಲಿಯೂ ಅತಿ ಸಣ್ಣ ಕಣ ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿಯಲು ಮೋಟಾರಿನ ಮುಂದೆ ಒಂದು ತೊಳೆಯಬಲ್ಲ ಸ್ಪಂಜು, ಹಿಂದೆ ಇನ್ನೊಂದು ಸೂಕ್ಷ್ಮವಾದ ಸೋಸುಕ. ಈ ಹಿಂದಿನದು ‘ಹೆಪಾ’ ವರ್ಗದ್ದಾಗಿದ್ದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಸಣ್ಣದಾದ, ೦.೩ ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ ೯೯.೯೭ನ್ನು ಹಿಡಿಯಬೇಕೆಂಬುದು ನಿಯಮ. ಉಬ್ಬಸವುಳ್ಳವರ ಮನೆಗೆ ಯಂತ್ರ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಇದನ್ನು. ಎಷ್ಟು ವ್ಯಾಟ್ ಎಂದು ಕೇಳುವುದು ಹೆಚ್ಚು ಉಪಯೋಗದ್ದಲ್ಲ. ವ್ಯಾಟ್ ಎಂಬುದು ಯಂತ್ರ ತಿನ್ನುವ ವಿದ್ಯುತ್ತಿನ ಲೆಕ್ಕವೇ ಹೊರತು ಎಳೆಯುವ ಧೂಳಿನದಲ್ಲ. ಯೂರೋಪಿನ ಒಕ್ಕೂಟ ೨೦೧೪ರಲ್ಲಿ ೧೬೦೦ ವ್ಯಾಟ್, ೨೦೧೭ರಲ್ಲಿ ೯೦೦ ವ್ಯಾಟ್ ಎಂದು ಮಿತಿ ಹಾಕಿತು. ಅಲ್ಲಿಯ ನೆಲ ಅದರಿಂದ ಕೊಳಕಾಗಲಿಲ್ಲ.

ಇನ್ನು ಪರೀಕ್ಷೆಯ ವಿಚಾರ. ಊರಿನ ಹೆಸರಿಗೆ ತಕ್ಕಂತೆ ಅದನ್ನು ನಡೆಸಿದ್ದು ಸಾಸಿವೆ. ಒಗ್ಗರಣೆಯ ಡಬ್ಬಿ ಕೈಜಾರಿ ಅಡುಗೆಮನೆಯ ನೆಲದ ತುಂಬ ಸಾಸಿವೆ ಚೆಲ್ಲಿತು. ಮಗ ಉತ್ಸಾಹದಿಂದ ಯಂತ್ರ ಚಾಲೂ ಮಾಡಿ ನೂಕಿದ. ತಿರುಗುವ ಬ್ರಷ್ಷು ಸಾಸಿವೆಯನ್ನು ಹೀರುವ ಬದಲು ಕವಣೆಯಂತೆ ಹೊಡೆಯಿತು; ಕಾಳುಗಳು ಕಪಾಟಿನ ಬಾಗಿಲಿಗೆ ಟಪಟಪನೆ ಬಡಿದು ಒಲೆಯ ಹಿಂದೆ ಅಡಗಿದವು. ಇದು ಆ ಒಂದು ಯಂತ್ರದ ತಪ್ಪೆನ್ನಲಾಗದು. ಈ ಜಾತಿ ಹುಟ್ಟಿದ್ದೇ ದಪ್ಪ ರತ್ನಗಂಬಳಿ ಹಾಸಿದ ಮನೆಗಳಿಗಾಗಿ. ಗಂಬಳಿಯ ಎಳೆಗಳ ಬುಡದಲ್ಲಿ ಕುಳಿತ ಧೂಳನ್ನು ಬಡಿದೆಬ್ಬಿಸಲು ಆ ಬ್ರಷ್ಷು ಬೇಕು. ನುಣ್ಣನೆಯ ಟೈಲ್ಸಿನ ಮೇಲೆ, ಹಳೆಯ ಕೆಂಪು ಗಾರೆಯ ಮೇಲೆ ಅದಕ್ಕೆ ಕೆಲಸವಿಲ್ಲ. ಬ್ರಷ್ಷನ್ನು ನಿಲ್ಲಿಸಿ ಎಳೆತವನ್ನು ಮಾತ್ರ ಉಳಿಸುವ ಗುಂಡಿಯುಳ್ಳ ಮಾದರಿಗಳಿವೆ. ನಮ್ಮ ಮನೆಗಳಿಗೆ ಆ ಗುಂಡಿ ಇಲ್ಲದ ಯಂತ್ರ ಬೇಡವೇ ಬೇಡ. ಮೇಷ್ಟರ ಮನೆಯದರಲ್ಲಿ ಅದು ಇದ್ದಿತು, ಹುಡುಕಲು ಅರ್ಧ ಗಂಟೆ ಹಿಡಿಯಿತು. ಗುಂಡಿ ಒತ್ತಿ, ಪಕ್ಕದ ಕೊಳವೆಯನ್ನು ಬಿಡಿಸಿ ಹಿಡಿದ ಮೇಲೆ ಸಾಸಿವೆ ಒಂದೊಂದಾಗಿ ಸುಯ್ಯೆಂದು ಒಳಗೆ ಹೋಯಿತು. ಒಲೆಯ ಹಿಂದಿನದನ್ನು ಮಾತ್ರ ಪೊರಕೆಯೇ ಹೊರಗೆಳೆಯಬೇಕಾಯಿತು.

ಎರಡನೆಯ ಅಡ್ಡಿ ಹೂವಿನದು. ನಮ್ಮ ಮನೆಗಳ ನೆಲದಲ್ಲಿ ಉದ್ದ ಕೂದಲೂ ಬಾಳೆನಾರೂ ಹೂ ಕಟ್ಟಿದ ದಾರವೂ ಇಲ್ಲದ ದಿನವುಂಟೆ? ಇವೆಲ್ಲ ಹೋಗಿ ಬ್ರಷ್ಷಿಗೆ ಬಿಗಿಯಾಗಿ ಸುತ್ತಿಕೊಂಡು, ಯಂತ್ರ ಮುಕ್ಕಿರಿದು ನಿಲ್ಲುತ್ತದೆ. ಪ್ಲಗ್ ಕಿತ್ತು, ತಲೆಕೆಳಗು ಮಾಡಿ, ಕತ್ತರಿಯಿಂದ ಬಿಡಿಸಬೇಕು. ರಂಗೋಲಿಯ ಪುಡಿ, ವಿಭೂತಿ, ಗೋಡೆ ಕೊರೆದ ಸಿಮೆಂಟಿನ ಧೂಳು ಇವು ಸೋಸುಕದ ಶತ್ರುಗಳು. ಒಂದೇ ದಿನದಲ್ಲಿ ಸ್ಪಂಜನ್ನು ಮುಚ್ಚಿಬಿಡುತ್ತವೆ. ಒಲೆಯ ಬೂದಿಯಲ್ಲಿ ಕೆಂಡವೊಂದು ಅಡಗಿದ್ದರೆ ಬೆಂಕಿಯ ಅಪಾಯ. ನೀರಂತೂ ತಾಕಲೇಕೂಡದು. ಬಚ್ಚಲ ಮುಂದಿನ ತೇವದ ಮೇಲೆ ಹೋದರೆ ಮೋಟಾರಿಗೆ ಹಾನಿ, ಹಿಡಿದವರಿಗೆ ವಿದ್ಯುತ್ತಿನ ಭಯ. ಹೊಸಿಲು ಬಂದಲ್ಲೆಲ್ಲ ಐದಾರು ಕಿಲೋ ಭಾರವನ್ನು ಎತ್ತಿ ದಾಟಿಸಬೇಕು. ಹೊಸಿಲಿಗೆ ಅರಿಸಿನ ಹಚ್ಚುವ ಮನೆಯಲ್ಲಿ ಯಂತ್ರವನ್ನು ಅದರ ಮೇಲೆ ಎಳೆಯುವಂತಿಲ್ಲ. ಮಂಚದಡಿಗೆ ತಲೆ ಹೋಗುತ್ತದೆ, ಕತ್ತು ಹೋಗುವುದಿಲ್ಲ. ಕರೆಂಟು ಇದ್ದಾಗ ಕೆಲಸ, ಇಲ್ಲದಾಗ ಅದೊಂದು ನಿಂತ ವಿಗ್ರಹ. ಅಮೆರಿಕೆಯಲ್ಲಿರುವ ಮಕ್ಕಳು ಪ್ರೀತಿಯಿಂದ ಇಂಥದನ್ನು ತರುವುದುಂಟು. ಅಲ್ಲಿಯದು ೧೨೦ ವೋಲ್ಟಿನದು, ನಮ್ಮದು ೨೩೦. ಹಾಗೆಯೇ ಚುಚ್ಚಿದರೆ ಪ್ರೀತಿ ಹೊಗೆಯಾಗಿ ಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಯಂತ್ರ ಗೆದ್ದುದನ್ನೂ ಹೇಳಬೇಕು. ಅದು ಗೆದ್ದದ್ದು ಹಾಸಿಗೆಯ ಮೇಲೆ. ದಿನವೂ ಕೊಡವಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತಿದ್ದ ಹಾಸಿಗೆಯ ಮೇಲೆ ಕೊಳವೆಯನ್ನು ಐದು ನಿಮಿಷ ಆಡಿಸಿದರೆ ಪಾರದರ್ಶಕ ಬಟ್ಟಲಿನಲ್ಲಿ ಬೂದುಬಣ್ಣದ, ಹಿಟ್ಟಿನಂಥ ಪುಡಿ ಅರ್ಧ ಅಂಗುಲ ನಿಂತಿತು. ಸೋಫಾದಿಂದ ಅದಕ್ಕಿಂತ ಹೆಚ್ಚು. ಮಗ ಅದನ್ನು ಬೆಳಕಿಗೆ ಹಿಡಿದು ತೋರಿಸಿದ. ತಾಯಿಯ ಮುಖ ಬಾಡಿತು.

“ನಲವತ್ತು ವರ್ಷ ನಾನು ಮನೆ ಇಟ್ಟಿದ್ದು ಹೀಗೇನೋ?”

ಬಟ್ಟಲನ್ನು ಗಾಜಿನಂತೆ ಮಾಡಿದವರು ಈ ಪ್ರಶ್ನೆಯನ್ನು ಊಹಿಸಿದ್ದರೋ ಇಲ್ಲವೋ. ಧೂಳು ಕಂಡರೆ ಕೊಂಡವರಿಗೆ ತೃಪ್ತಿಯಾಗುತ್ತದೆಂಬುದು ವ್ಯಾಪಾರದ ಲೆಕ್ಕ. ಗುಡಿಸಿದವರಿಗೆ ಅವಮಾನವಾಗುತ್ತದೆಂಬುದು ಆ ಲೆಕ್ಕದಲ್ಲಿಲ್ಲ. ಆ ಪುಡಿ ಯಾವ ಗೃಹಿಣಿಯ ತಪ್ಪೂ ಅಲ್ಲ. ಮನುಷ್ಯನ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟು, ಬಟ್ಟೆಯ ಎಳೆ, ಮಣ್ಣು, ಮತ್ತು ಆ ಹೊಟ್ಟನ್ನೇ ತಿಂದು ಬದುಕುವ, ಮಿಲಿಮೀಟರಿನ ಕಾಲುಭಾಗದಷ್ಟಿರುವ ಧೂಳುಹುಳುಗಳು ಸೇರಿ ಅದಾಗುತ್ತದೆ. ಆ ಹುಳುಗಳ ಹಿಕ್ಕೆಯೇ ಅನೇಕರ ಉಬ್ಬಸವನ್ನು ಕೆರಳಿಸುವುದು. ಯಂತ್ರ ಸತ್ತುದನ್ನೂ ಹಿಕ್ಕೆಯನ್ನೂ ಎಳೆಯಬಲ್ಲುದು. ಬದುಕಿರುವ ಹುಳು ನೂಲನ್ನು ಕಚ್ಚಿ ಹಿಡಿದು ಕೂರುತ್ತದೆ. ಅದಕ್ಕೆ ಹೊದಿಕೆ, ದಿಂಬಿನ ಚೀಲಗಳನ್ನು ೬೦ ಡಿಗ್ರಿ ಕಾವಿನ ನೀರಿನಲ್ಲಿ ಒಗೆಯುವುದೇ ಮದ್ದು. ಯಂತ್ರವೊಂದೇ ಉಬ್ಬಸವನ್ನು ವಾಸಿಮಾಡುವುದೆಂದು ಬಲ್ಲ ವೈದ್ಯರಾರೂ ಹೇಳರು. ಆದರೂ ಮೊದಲ ನಾಲ್ಕು ರಾತ್ರಿ ಆಕೆ ನಿದ್ದೆ ಮಾಡಿದರು. ಮಗ ಸಂತೋಷದಿಂದ ಬೆಂಗಳೂರಿನ ಬಸ್ಸು ಹತ್ತಿದ.

ಐದನೆಯ ರಾತ್ರಿ ಮತ್ತೆ ಗೋಡೆ, ಮತ್ತೆ ದಿಂಬು. ಈ ಸಲದ್ದು ಹಿಂದಿನದಕ್ಕಿಂತ ಜೋರು. ಕಾರಣ ಹುಡುಕಲು ಮೇಷ್ಟರಿಗೆ ಬೆಳಗಿನವರೆಗೂ ಬೇಕಾಯಿತು. ಬಟ್ಟಲು ತುಂಬಿದ್ದನ್ನು ಕಂಡು ಆಕೆ ಸಂಜೆ ಹಿತ್ತಿಲಿಗೆ ಹೋಗಿ, ತಿಪ್ಪೆಯ ಮೇಲೆ ಅದರ ತಳದ ಮುಚ್ಚಳವನ್ನು ಕಳಚಿದ್ದರು. ಎದುರುಗಾಳಿ. ನಾಲ್ಕು ಕೋಣೆ, ಎರಡು ಹಾಸಿಗೆ, ಒಂದು ಸೋಫಾದ ಧೂಳು ಒಂದೇ ಕ್ಷಣದಲ್ಲಿ ಮೋಡವಾಗಿ ಎದ್ದು ಮುಖಕ್ಕೆ ಬಡಿದಿತ್ತು. ಪೊರಕೆ ಒಂದು ತಿಂಗಳು ಹಂಚಿ ಉಣಿಸುತ್ತಿದ್ದುದನ್ನು ಯಂತ್ರ ಒಂದೇ ತುತ್ತಿನಲ್ಲಿ ಬಡಿಸಿತು.

ಚೀಲವಿಲ್ಲದ ಯಂತ್ರದ ಮೌಲ್ಯಮಾಪನವೆಲ್ಲ ಈ ಒಂದು ಕ್ಷಣದಲ್ಲಿದೆ. ಅಂಗಡಿಯವನು ಎಳೆತ ತೋರಿಸುತ್ತಾನೆ, ಸೋಸುಕ ತೋರಿಸುತ್ತಾನೆ, ಚೀಲದ ಖರ್ಚು ಉಳಿಯುತ್ತದೆಂದು ಲೆಕ್ಕ ಹಾಕಿಕೊಡುತ್ತಾನೆ. ಆ ಲೆಕ್ಕ ಸುಳ್ಳಲ್ಲ. ಕಾಗದದ ಚೀಲ ನಮ್ಮ ಊರುಗಳಲ್ಲಿ ಬೇಕೆಂದಾಗ ಸಿಗುವುದೂ ಇಲ್ಲ. ಚೀಲ ಮುಗಿದು ಅಟ್ಟ ಸೇರಿದ ಹಳೆಯ ಯಂತ್ರಗಳಿಗೆ ಲೆಕ್ಕವಿಲ್ಲ. ಆದರೆ ಚೀಲವುಳ್ಳ ಯಂತ್ರದಲ್ಲಿ ಧೂಳು ಕಟ್ಟಿದ ಮೂಟೆಯಾಗಿಯೇ ಹೊರಗೆ ಹೋಗುತ್ತದೆ, ಇಲ್ಲಿ ಬಿಚ್ಚಿದ ರಾಶಿಯಾಗಿ ಹೋಗುತ್ತದೆ. ಸ್ಪ್ಯಾಂಗ್ಲರನ ದಿಂಬಿನ ಚೀಲ ಮಾಡುತ್ತಿದ್ದ ಕಾವಲಿನ ಕೆಲಸವನ್ನು ಈಗ ಬಟ್ಟಲು ಸುರಿಯುವವರ ಕೈ ಮಾಡಬೇಕು. ಆ ಕೈ ಯಾರದು ಎಂಬ ಪ್ರಶ್ನೆಯನ್ನು ಯಾವ ಜಾಹೀರಾತೂ ಕೇಳುವುದಿಲ್ಲ. ರೋಗಿ ತಾನೇ ಸುರಿಯುವ ಮನೆಯಾದರೆ ಈ ಯಂತ್ರವನ್ನು ಕೊಳ್ಳದಿರುವುದೇ ಲೇಸು. ಚೀಲವುಳ್ಳದ್ದನ್ನು ತಂದು, ವರ್ಷಕ್ಕಾಗುವಷ್ಟು ಚೀಲಗಳನ್ನು ಮೊದಲೇ ಕೂಡಿಡಬಹುದು. ಅಥವಾ ಎಂದಿನಂತೆ ನೀರು ಚಿಮುಕಿಸಿ ಬೇರೆಯವರು ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಬೇರೆಯವರು ಎಂದಾಗ ಆ ಮನೆಗೆ ಬರುವಾಕೆಯ ವಿಚಾರವೂ ಬಂದಿತು. ಯಂತ್ರ ಬಂದ ಮಾರನೆಯ ಬೆಳಗ್ಗೆ ಅದನ್ನು ಕಂಡು ಅವಳು ಬಾಗಿಲಲ್ಲೇ ನಿಂತಿದ್ದಳು.

“ಅಮ್ಮಾರೆ, ಹಂಗಾರೆ ನಾಳೆಯಿಂದ ನಾನು ಬರದು ಬ್ಯಾಡ್ವಾ?”

“ಅದು ಕಸ ತಿನ್ನುತ್ತೆ ಕಣೇ, ನೆಲ ಒರೆಸುತ್ತಾ? ಸುಮ್ಮನೆ ಬಾ.”

ಮಾತು ಸಮಾಧಾನಕ್ಕೆ ಆಡಿದ್ದಾದರೂ ಸತ್ಯವಾದುದೇ. ಬರಿಗಾಲಿನಲ್ಲಿ ನಡೆಯುವ, ನೆಲದ ಮೇಲೆ ಕುಳಿತು ಉಣ್ಣುವ ಮನೆಯಲ್ಲಿ ಗುಡಿಸಿದ ಮೇಲೆ ಒರೆಸದೆ ಕೆಲಸ ಮುಗಿಯುವುದಿಲ್ಲ, ಒರೆಸುವುದು ಈ ಯಂತ್ರಕ್ಕೆ ಬಾರದು. ಎಂದರೆ ಎರಡು ಕೆಲಸಗಳಲ್ಲಿ ಒಂದೇ ಕಡಿಮೆಯಾಯಿತು, ಯಂತ್ರವನ್ನು ಒರೆಸುವ ಮೂರನೆಯದೊಂದು ಸೇರಿಕೊಂಡಿತು. ಮೇಷ್ಟರು ಬಟ್ಟಲು ಸುರಿಯುವುದನ್ನು ಅವಳಿಗೇ ವಹಿಸೋಣವೆಂದು ಸೂಚಿಸಿದರು. ಮನೆಯಾಕೆ ಒಪ್ಪಲಿಲ್ಲ. “ಅವಳಿಗೇನು ಎದೆ ಇಲ್ವೇನ್ರಿ?” ಎಂದಷ್ಟೇ ಹೇಳಿ ಒಳಗೆ ಹೋದರು.

ಅಮೆರಿಕೆಯ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೊವಾನ್ ೧೯೮೩ರಲ್ಲಿ ಪ್ರಕಟಿಸಿದ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಗ್ರಂಥ ಇಂಥ ಮನೆಗಳನ್ನೇ ಕುರಿತದ್ದು. ಮನೆಯೊಳಗೆ ಯಂತ್ರಗಳು ಬಂದ ಮೇಲೂ ಗೃಹಿಣಿಯ ದುಡಿಮೆಯ ಗಂಟೆಗಳು ಏಕೆ ಇಳಿಯಲಿಲ್ಲ ಎಂಬುದು ಅದರ ಪ್ರಶ್ನೆ. ಹಿಂದೆ ಆ ನಾಡಿನಲ್ಲಿ ಗಂಬಳಿಗಳನ್ನು ವರ್ಷಕ್ಕೆ ಒಂದೆರಡು ಬಾರಿ ಗಂಡಸರೂ ಹುಡುಗರೂ ಹೊರಗೆ ಹೊತ್ತುಕೊಂಡು ಹೋಗಿ ಬಡಿಯುತ್ತಿದ್ದರು. ಯಂತ್ರ ಬಂದಿತು, ಹೊರುವ ಬಡಿಯುವ ಕೆಲಸ ಹೋಯಿತು; ಅದರೊಡನೆ ಗಂಡಸರೂ ಹುಡುಗರೂ ಆ ಕೆಲಸದಿಂದ ಬಿಡುಗಡೆ ಹೊಂದಿದರು. ವಾರವಾರವೂ ಗಂಬಳಿ ಶುಚಿಯಾಗಬೇಕೆಂಬ ಹೊಸ ನಿಯಮದೊಡನೆ ಹೆಂಗಸೊಬ್ಬಳೇ ಉಳಿದಳು. ಸಾಸ್ವೆಹಳ್ಳಿಯಲ್ಲಿ ಬಿಡುಗಡೆ ಹೊಂದಲು ಗಂಡಸು ಮೊದಲು ಆ ಕೆಲಸದಲ್ಲಿಯೇ ಇರಲಿಲ್ಲವೆಂಬುದೊಂದು ವ್ಯತ್ಯಾಸ.

ಮೇಷ್ಟರ ಮನೆಯಲ್ಲಿ ವ್ಯವಸ್ಥೆ ಕ್ರಮೇಣ ಹೀಗಾಯಿತು. ಯಂತ್ರವನ್ನು ಮಾರಲಿಲ್ಲ. ಅದು ನಡುಮನೆಯ ನೆಲಕ್ಕಲ್ಲ, ವಾರಕ್ಕೊಮ್ಮೆ ಹಾಸಿಗೆ, ಸೋಫಾ, ಜಮಖಾನೆ, ಕಿಟಕಿಯ ಸರಳು, ಪುಸ್ತಕದ ಕಪಾಟು ಇವಕ್ಕೆ. ನೆಲಕ್ಕೆ 의 ಬದಲು ಎಂದಿನ ನೀರಿನ ಚಿಮುಕು, ಬಳಿಕ ಪೊರಕೆ, ಬಳಿಕ ಒರೆಸುವ ಬಟ್ಟೆ. ಆ ಹೊತ್ತಿಗೆ ಮನೆಯಾಕೆ ಜಗುಲಿಯಲ್ಲಿ. ಭಾನುವಾರ ಬೆಳಗ್ಗೆ ಮೇಷ್ಟರು ಬಾಯಿಗೆ ಪಂಚೆಯ ತುದಿ ಕಟ್ಟಿ ಯಂತ್ರ ನೂಕುತ್ತಾರೆ. ಬಟ್ಟಲು ಪೂರ್ತಿ ತುಂಬುವವರೆಗೆ ಕಾಯದೆ, ಅದನ್ನು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ, ಚೀಲದ ಬಾಯನ್ನು ಮಣಿಕಟ್ಟಿಗೆ ಬಿಗಿದುಕೊಂಡು, ಒಳಗೇ ಮುಚ್ಚಳ ಕಳಚಿ, ಧೂಳು ಇಳಿಯುವವರೆಗೆ ನೂರು ಎಣಿಸುತ್ತಾರೆ. ತಿಂಗಳಿಗೊಮ್ಮೆ ಸ್ಪಂಜು ತೊಳೆಯುವುದೂ ಅವರದೇ ಕೆಲಸ. ಆಷಾಢದಲ್ಲಿ ಅದು ಎರಡು ದಿನವಾದರೂ ಒಣಗದು. ಒದ್ದೆಯಾಗಿಯೇ ಹಾಕಿದರೆ ಮುಗ್ಗಲು ವಾಸನೆ, ಮೋಟಾರಿಗೂ ಕೇಡು. ಇನ್ನೊಂದು ಸ್ಪಂಜು ಕಳುಹಿಸಬೇಕೆಂದು ಮಗನಿಗೆ ಹೇಳಿದ್ದಾರೆ. ಆಕೆಯ ಉಬ್ಬಸ ಹೋಗಿಲ್ಲ. ಒಕ್ಕಣೆಯ ದಿನಗಳಲ್ಲಿ ಇನ್ನೂ ಬರುತ್ತದೆ, ಮೊದಲಿನಷ್ಟು ರಾತ್ರಿಗಳಲ್ಲಿ ಅಲ್ಲ.

ಪಂಚೆಯ ಮುಸುಕಿನಲ್ಲಿ ಬಟ್ಟಲು ಹಿಡಿದು ಹಿತ್ತಿಲಿಗೆ ನಡೆಯುವ ಮೇಷ್ಟರನ್ನು ಕಂಡು ನೆರೆಯವರು ಮೊದಮೊದಲು ನಕ್ಕರು. ಮನೆಯಾಕೆ ನಗುವುದಿಲ್ಲ. ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ನಿಂತು, ತೆಂಗಿನ ಗರಿ ಯಾವ ಕಡೆಗೆ ಬಾಗುತ್ತಿದೆಯೆಂದು ನೋಡಿ, ಯಾವ ಕಡೆ ಬೆನ್ನು ಮಾಡಿ ನಿಲ್ಲಬೇಕೆಂಬುದನ್ನು ಕೈಸನ್ನೆಯಿಂದ ತೋರಿಸುತ್ತಾರೆ.